ಎರಡನೆಯ ಪ್ರತಿ ಎಲ್ಲಿದೆ?

ಕೌಟಿಲ್ಯನ ಅರ್ಥಶಾಸ್ತ್ರದ ಹೆಸರನ್ನು ಹಳೆಯ ಗ್ರಂಥಗಳು ಹೇಳುತ್ತಿದ್ದವು. ಪೂರ್ಣ ಗ್ರಂಥ ಮಾತ್ರ ವಿದ್ವಾಂಸರಿಗೆ ಸಿಕ್ಕಿರಲಿಲ್ಲ. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಕೊಟ್ಟ ಗ್ರಂಥಲಿಪಿಯ ತಾಳೆಗರಿ ಕಟ್ಟಿನಲ್ಲಿ 1905ರಲ್ಲಿ ಅದನ್ನು ಗುರುತಿಸಿದವರು ಅಲ್ಲಿನ ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅದು ಅಚ್ಚಾಯಿತು. ಹುಳು, ತೇವ, ಬೆಂಕಿ ತಾಳೆಗರಿಯ ಶತ್ರುಗಳು. ಮೂಲ ಗರಿ ಎಂದೋ ಅಳಿದಿದ್ದರೂ, ಹಳತಾದ ಕಟ್ಟನ್ನು ಯಾರೋ ಮತ್ತೆ ಮತ್ತೆ ಪ್ರತಿ ಮಾಡುತ್ತ ಬಂದದ್ದರಿಂದ ಗ್ರಂಥ ಉಳಿಯಿತು.

ನಮ್ಮ ಮನೆಗಳ ದಾಖಲೆ ಈಗ ಫೋನು, ಲ್ಯಾಪ್‌ಟಾಪುಗಳಲ್ಲಿದೆ: ಅಜ್ಜಿಯ ದನಿ, ಮದುವೆಯ ವಿಡಿಯೊ, ಸ್ಕ್ಯಾನ್ ಮಾಡಿಟ್ಟ ಕ್ರಯಪತ್ರ. ಎಷ್ಟೋ ಫೈಲುಗಳಿಗೆ ಇರುವುದು ಒಂದೇ ಪ್ರತಿ. ಇವನ್ನೆಲ್ಲ ಒಂದೆಡೆ ಸೇರಿಸಿ ಕಾಪಾಡಲು ಮನೆಯಲ್ಲೇ ಇಟ್ಟುಕೊಳ್ಳಬಹುದಾದ ಯಂತ್ರ ಹೋಮ್ ಸರ್ವರ್.

ಸರ್ವರ್ ಎಂದರೆ ಹಗಲೂ ರಾತ್ರಿ ಚಾಲೂ ಇದ್ದು, ಮನೆಯ ಬೇರೆ ಸಾಧನಗಳು ಕಳಿಸಿದ ಫೈಲನ್ನು ಇಟ್ಟುಕೊಂಡು, ಕೇಳಿದಾಗ ಕೊಡುವ ಕಂಪ್ಯೂಟರ್. ಬಳಕೆ ತಪ್ಪಿದ ಲ್ಯಾಪ್‌ಟಾಪ್ ಈ ಕೆಲಸಕ್ಕೆ ಸಾಕು. ಅಂಗೈಯಗಲದ ರಾಸ್ಪ್‌ಬೆರಿ ಪೈ ಕೂಡ ಆದೀತು. ಲಿನಕ್ಸ್ ಆಧಾರಿತ ಓಪನ್‌ಮೀಡಿಯಾವಾಲ್ಟ್‌ನಂಥ ಉಚಿತ ತಂತ್ರಾಂಶ ಹಾಕಿ, ಕೇಬಲ್ ಮೂಲಕ ರೂಟರ್‌ಗೆ ಜೋಡಿಸಬೇಕು. ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಜೆಲ್ 1990ರ ದಶಕದ ಆರಂಭದಲ್ಲಿ ಬರೆಯತೊಡಗಿದ ಸಾಂಬಾ ಎಂಬ ತಂತ್ರಾಂಶದಿಂದಾಗಿ ಸರ್ವರಿನ ಫೋಲ್ಡರು ವಿಂಡೋಸ್ ಕಂಪ್ಯೂಟರಿನಲ್ಲೂ ಕಾಣುತ್ತದೆ. ಯಂತ್ರ 15 ವಾಟ್ ಎಳೆದರೆ ತಿಂಗಳಿಗೆ ಸುಮಾರು 11 ಯೂನಿಟ್ ವಿದ್ಯುತ್ ಖರ್ಚು. ಬೇಸಿಗೆಯ ಗುಡುಗು ಮಳೆಗೆ ಕರೆಂಟು ಹೋಗಿಬರುವ ನಮ್ಮ ಊರಿನಲ್ಲಿ ಚಿಕ್ಕದೊಂದು ಯುಪಿಎಸ್ ಅಗತ್ಯ. ಬರೆಯುವ ಹೊತ್ತಿನಲ್ಲೇ ಕರೆಂಟು ಹೋದರೆ ಫೈಲು ಅರ್ಧಕ್ಕೇ ನಿಂತೀತು.

ಫೈಲುಗಳು ಕೂರುವುದು ಹಾರ್ಡ್ ಡಿಸ್ಕಿನಲ್ಲಿ. ಅದರೊಳಗಿನ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಓದಿ ಬರೆಯುವ ತಲೆ ತಟ್ಟೆಯನ್ನು ಮುಟ್ಟದೆ, ಕೆಲವೇ ನ್ಯಾನೊಮೀಟರ್ ಅಂತರದಲ್ಲಿ ಗಾಳಿಯ ಪದರದ ಮೇಲೆ ತೇಲುತ್ತದೆ. ನಮ್ಮ ಕೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೊಮೀಟರ್. ಇಷ್ಟು ನಾಜೂಕಾದ ಯಂತ್ರ ಒಂದು ದಿನ ಕೆಡುವುದು ಖಂಡಿತ. ಯಾವತ್ತು ಎಂಬುದು ಗೊತ್ತಾಗುವುದಿಲ್ಲ.

ಅದಕ್ಕೆಂದೇ ರೇಡ್ ಎಂಬ ವಿಧಾನವಿದೆ. ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ 1988ರ ಪ್ರಬಂಧದಲ್ಲಿ ಈ ಹೆಸರಿನಡಿ ಹಲವು ಜೋಡಣೆಗಳನ್ನು ವಿವರಿಸಿದರು. ಅವುಗಳಲ್ಲಿ ಸರಳವಾದದ್ದು, ಎರಡು ಡಿಸ್ಕಿಗೂ ಒಂದೇ ಮಾಹಿತಿಯನ್ನು ಏಕಕಾಲಕ್ಕೆ ಬರೆಯುವುದು. ಇನ್ನೊಂದು ವಿಧಾನ ಲೆಕ್ಕದ್ದು. ಮೊದಲ ಡಿಸ್ಕಿನಲ್ಲಿ 5, ಎರಡನೆಯದರಲ್ಲಿ 7 ಇದ್ದರೆ ಮೂರನೆಯದರಲ್ಲಿ 12 ಬರೆದಿಡಿ. ಯಾವುದೊಂದು ಹೋದರೂ ಉಳಿದೆರಡರಿಂದ ಅದನ್ನು ಕಂಡುಹಿಡಿಯಬಹುದು. ಯಂತ್ರ ಇದನ್ನೇ ಬಿಟ್ಟುಗಳ ಮಟ್ಟದಲ್ಲಿ ಮಾಡುತ್ತದೆ.

ಎಷ್ಟೋ ಜನ ಇಲ್ಲಿಗೇ ನಿಲ್ಲುತ್ತಾರೆ. ಆದರೆ ಎರಡು ಡಿಸ್ಕ್ ಇದ್ದ ಮಾತ್ರಕ್ಕೆ ಬ್ಯಾಕಪ್ ಆಯಿತು ಎಂದಲ್ಲ. ಕೈತಪ್ಪಿ ಅಳಿಸಿದ ಫೋಲ್ಡರು ಎರಡೂ ಡಿಸ್ಕಿನಿಂದ ಆ ಕ್ಷಣವೇ ಅಳಿಯುತ್ತದೆ. ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ಕುತಂತ್ರಾಂಶ ಎರಡಕ್ಕೂ ಬೀಗ ಹಾಕುತ್ತದೆ. ಸಿಡಿಲು, ಕಳ್ಳತನ, ಬೆಂಕಿಗೂ ಎರಡೂ ಒಟ್ಟಿಗೇ ತುತ್ತಾಗುತ್ತವೆ. ಒಂದೇ ಸೂರಿನಡಿ ಇಟ್ಟದ್ದು ಒಂದೇ ಅವಘಡಕ್ಕೆ ಹೋಗುತ್ತದೆ ಎಂಬುದಕ್ಕೆ ಮೈಸೂರಿನಲ್ಲೇ ನಿದರ್ಶನವಿದೆ: 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ವೇಳೆ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು.

ಆದ್ದರಿಂದ 3-2-1 ಎಂಬ ಸೂತ್ರ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಅವುಗಳಲ್ಲಿ ಒಂದು ಬೇರೆ ಜಾಗದಲ್ಲಿ. ಕುವೆಂಪುನಗರದ ಮನೆಯಲ್ಲಿ ಸರ್ವರ್ ಇದ್ದರೆ, ಗೂಢಲಿಪಿಯಲ್ಲಿ ಭದ್ರಪಡಿಸಿದ ಡಿಸ್ಕೊಂದು ವಿಜಯನಗರದ ಅಕ್ಕನ ಮನೆಯ ಬೀರುವಿನಲ್ಲಿರಲಿ. ತಿಂಗಳಿಗೊಮ್ಮೆ ತಂದು ಹೊಸದನ್ನು ಸೇರಿಸಬಹುದು. 1996ರಲ್ಲಿ ಬಂದ ಆರ್‌ಸಿಂಕ್ ಎಂಬ ತಂತ್ರಾಂಶ ಬದಲಾದ ಭಾಗವನ್ನಷ್ಟೇ ನಕಲು ಮಾಡುವುದರಿಂದ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಹಳೆಯ ಆವೃತ್ತಿಗಳನ್ನೂ ಕೆಲವು ತಿಂಗಳು ಉಳಿಸಿಕೊಳ್ಳಿ. ಅಳಿಸಿದ್ದು ಅರಿವಿಗೆ ಬರುವುದು ಎಷ್ಟೋ ಸಲ ತಡವಾಗಿ. ಹೊರಗಿನಿಂದ ಸರ್ವರ್ ತಲುಪಲು ರೂಟರಿನ ಬಾಗಿಲನ್ನು ಅಂತರ್ಜಾಲಕ್ಕೆ ತೆರೆದಿಡಬೇಡಿ, ವಿಪಿಎನ್ ಎಂಬ ಖಾಸಗಿ ಸಂಪರ್ಕ ಬಳಸಿ.

ಎಲ್ಲಕ್ಕಿಂತ ಮುಖ್ಯವಾದದ್ದು ಮರಳಿ ಪಡೆಯುವ ಅಭ್ಯಾಸ. ತೆರೆದು ನೋಡದ ಬ್ಯಾಕಪ್ ಬರೀ ನಂಬಿಕೆ. ಆಗಾಗ ಒಂದು ಫೋಲ್ಡರನ್ನು ಬ್ಯಾಕಪ್‌ನಿಂದ ಬೇರೊಂದು ಕಂಪ್ಯೂಟರಿಗೆ ತಂದು, ಫೋಟೊ ತೆರೆಯುತ್ತದೆಯೇ, ವಿಡಿಯೊ ಕೊನೆಯವರೆಗೂ ಓಡುತ್ತದೆಯೇ ನೋಡಿ. ಈ ಕೆಲಸವನ್ನು ಸರ್ವರ್ ಕಟ್ಟಿದವರು ಮಾಡದೆ ಮನೆಯ ಇನ್ನೊಬ್ಬರ ಕೈಯಲ್ಲಿ ಮಾಡಿಸಿ. ಪಾಸ್‌ವರ್ಡ್ ಎಲ್ಲಿದೆ, ಡಿಸ್ಕ್ ಯಾರ ಮನೆಯಲ್ಲಿದೆ ಎಂಬುದು ಅವರಿಗೂ ಗೊತ್ತಿರಬೇಕು. ಅವರು ನಿಮ್ಮ ನೆರವಿಲ್ಲದೆ ಒಂದು ಫೈಲನ್ನು ಮರಳಿ ಪಡೆದರೆ ಮಾತ್ರ ನಿಮ್ಮ ಮನೆಗೆ ಬ್ಯಾಕಪ್ ಇದೆ ಎನ್ನಬಹುದು.