ಹೊಸ ಶಾಕ್ ಕೊಳ್ಳುವ ಮುಂಚೆ ಸ್ಪ್ರಿಂಗ್ ಅಳೆಯಿರಿ

ಕಡೂರಿನಿಂದ ಬೀರೂರು ಮೇಲೆ ತರೀಕೆರೆಗೆ ಹೋಗುವ ಹೆದ್ದಾರಿಯಲ್ಲಿ ಹೀರೋ ಎಕ್ಸ್‌ಪಲ್ಸ್ 200 ತಕರಾರು ಮಾಡುವುದಿಲ್ಲ. ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿ ಘಾಟಿ ಹತ್ತಿದಾಗ ಗೊತ್ತಾಗುತ್ತದೆ. ತಿರುವಿನಲ್ಲಿ ಹಿಂಭಾಗ ಕುಸಿಯುತ್ತದೆ, ಬೈಕು ತಿರುಗಲು ಸೋಮಾರಿತನ ತೋರುತ್ತದೆ.

ಸೂಪರ್‌ಮೋಟೋ ಎಂದರೆ ಮಣ್ಣಿನ ಹಾದಿಯ ಎತ್ತರದ ಬೈಕಿಗೆ 17 ಇಂಚಿನ ಚಕ್ರ, ಡಾಂಬರು ರಸ್ತೆಯ ಟೈರು ಹಾಕಿದ, ತಿರುವಿನಲ್ಲಿ ಚುರುಕಾದ ಗಾಡಿ. ಆ ಚುರುಕು ಬೇಕೆಂದು ಹುಡುಗರು ಮೊದಲು ವಿಚಾರಿಸುವುದೇ ದುಬಾರಿ ಶಾಕ್‌ನ ಬೆಲೆ. ಸ್ವಲ್ಪ ತಡೆಯಿರಿ.

ಹಿಂಭಾಗ ಮೇಲೆದ್ದರೆ ಮುಂದಿನ ಫೋರ್ಕ್ ಕೊಂಚ ನೆಟ್ಟಗಾಗುತ್ತದೆ, ಹ್ಯಾಂಡಲ್ ಬೇಗ ತಿರುಗುತ್ತದೆ. ಅದಕ್ಕಿರುವುದೇ ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಬಿಗಿದಿಡುವುದು. ಎಕ್ಸ್‌ಪಲ್ಸ್‌ನ ಹಿಂದಿನ ಮೊನೊಶಾಕ್‌ನಲ್ಲಿ ಇದಕ್ಕೆ 10 ಹಂತಗಳಿವೆ. ಬಿಗಿದರೆ ಸ್ಪ್ರಿಂಗ್ ಗಡುಸಾಗುತ್ತದೆಯೇ? ಇಲ್ಲ. ಗಡಸುತನ ಅಷ್ಟೇ ಇರುತ್ತದೆ, ನೀವು ಕೂತಾಗ ಕುಸಿಯುವುದು ಕಡಿಮೆಯಾಗುತ್ತದೆ.

ಆ ಕುಸಿತಕ್ಕೆ ಸ್ಯಾಗ್ ಎನ್ನುತ್ತಾರೆ. ಅಳೆಯಲು ಇಬ್ಬರು ಜೊತೆಗಿರಲಿ. ಹಿಂದಿನ ಚಕ್ರ ನೆಲ ಬಿಡುವಂತೆ ಎತ್ತಿಸಿ, ಆಕ್ಸಲ್‌ನಿಂದ ನೇರ ಮೇಲಕ್ಕೆ ಸೀಟಿನ ಬದಿಯ ಒಂದು ಗುರುತಿನವರೆಗೆ ಟೇಪ್ ಹಿಡಿಯಿರಿ. ಆಮೇಲೆ ಹೆಲ್ಮೆಟ್, ಜಾಕೆಟ್ ಸಮೇತ ನೀವು ಕೂತು, ಅದೇ ಅಳತೆ ಮತ್ತೆ ತೆಗೆಸಿ. ವ್ಯತ್ಯಾಸವೇ ಸ್ಯಾಗ್. ಚಕ್ರ ಒಟ್ಟು 170 ಮಿಲಿಮೀಟರ್ ಆಡುವ ಈ ಬೈಕಿಗೆ ಸುಮಾರು 50 ಇದ್ದರೆ ಸರಿ. ಹೆಚ್ಚಿದ್ದರೆ ಒಂದೊಂದೇ ಹಂತ ಬಿಗಿಯಿರಿ, ಪ್ರತಿ ಸಲವೂ ಓಡಿಸಿ ನೋಡಿ.

ಅತಿಯಾಗಿ ಬಿಗಿದರೆ ಹೆದ್ದಾರಿಯ ವೇಗದಲ್ಲಿ ಹ್ಯಾಂಡಲ್ ಅಲುಗುತ್ತದೆ. ಅಜ್ಜಂಪುರದ ಹೊಲದ ದಾರಿಗಳಲ್ಲಿ ಹಿಂದಿನ ಚಕ್ರ ಗುಂಡಿಗಿಳಿಯದೆ ಕುಪ್ಪಳಿಸುತ್ತದೆ. ಹಿಂದೆ ಒಬ್ಬರು ಕೂತರೆ ಲೆಕ್ಕವೇ ಬೇರೆ, ಮತ್ತೆ ಅಳೆಯಿರಿ. ಹೆಡ್‌ಲೈಟ್ ಬೆಳಕು ಕೆಳಗಿಳಿದಿದ್ದರೆ ಅದನ್ನೂ ಸರಿಮಾಡಿ.

ಖರ್ಚು? ಸ್ಪ್ರಿಂಗ್ ಬಿಗಿಯುವ ಸಿ-ಸ್ಪ್ಯಾನರ್‌ಗೆ ಕೆಲವು ನೂರು ರೂಪಾಯಿ ಸಾಕು. ಹತ್ತನೇ ಹಂತದಲ್ಲೂ ಕುಸಿತ ನಿಲ್ಲದಿದ್ದರೆ ನಿಮ್ಮ ತೂಕಕ್ಕೆ ಗಡುಸಾದ ಸ್ಪ್ರಿಂಗ್ ಬೇಕು. ಸೀಟು ಒತ್ತಿ ಬಿಟ್ಟಾಗ ಒಂದೇ ಸಲಕ್ಕೆ ನಿಲ್ಲದೆ ಮೇಲೆ ಕೆಳಗೆ ಆಡುತ್ತಲೇ ಇದ್ದರೆ ಒಳಗಿನ ಆಯಿಲ್ ಸೋತಿದೆ. ಆಗ ಶಾಕ್‌ನದೇ ಕೆಲಸ. ಅನಿಲ ತುಂಬಿದ ಶಾಕನ್ನು ರಸ್ತೆಬದಿ ಗ್ಯಾರೇಜಿನಲ್ಲಿ ಬಿಚ್ಚಿಸಬೇಡಿ, ಒಳಗಿನ ಒತ್ತಡ ಅಪಾಯಕಾರಿ. ಸಸ್ಪೆನ್ಷನ್ ಬಲ್ಲವರು ಬೆಂಗಳೂರಿನಲ್ಲಿದ್ದಾರೆ. ಪೂರ್ತಿ ಹೊಂದಿಸಬಹುದಾದ ಹೊಸ ಶಾಕ್‌ಗೆ ಹತ್ತು ಸಾವಿರ ದಾಟುತ್ತದೆ.

ಚಕ್ರವನ್ನೂ 17 ಇಂಚಿಗೆ ಇಳಿಸುವ ಆಸೆಯಿದ್ದರೆ ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ನೆನಪಿರಲಿ. ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಮಾರ್ಪಾಡಿಗೆ ಅದು ಅವಕಾಶ ಕೊಡುವುದಿಲ್ಲ. ದುಡ್ಡು ಹಾಕುವ ಮುಂಚೆ ತರೀಕೆರೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.