ಊರಿನ ಹೆಸರಿಗೆ ಸಾಕ್ಷಿ

ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಕರಾವಳಿಯಲ್ಲಿ ಭಾವಿಕೇರಿ ಎಂಬ ಗ್ರಾಮವಿದೆ. ಅದರ ನೆರೆಹೊರೆಯಲ್ಲಿ ಬೇಲೆಕೇರಿ, ಹಟ್ಟಿಕೇರಿ, ಅಲಗೇರಿ, ಶೆಟಗೇರಿ, ತೆಂಕಣಕೇರಿ ಮೊದಲಾದ ಊರುಗಳಿವೆ. ಈ ಹೆಸರುಗಳನ್ನು ದಿನಕ್ಕೆ ಹತ್ತು ಬಾರಿ ನುಡಿಯುವವರು ಅವುಗಳ ಅರ್ಥವನ್ನು ಕೇಳಲು ಹೋಗುವುದಿಲ್ಲ. ಹೆಸರು ಬಾಯಿಗೆ ಅಷ್ಟು ರೂಢಿಯಾಗಿರುತ್ತದೆ. ಯಾರಾದರೂ ಪರಸ್ಥಳದವರು ಕೇಳಿದರೆ ಮಾತ್ರ ಒಂದು ಕಥೆ ಹೊರಬರುತ್ತದೆ. ಯಾವನೋ ರಾಜನು ಬೇಟೆಗೆ ಬಂದನು, ಯಾವಳೋ ಮುದುಕಿ ಅವನಿಗೆ ಉಣಬಡಿಸಿದಳು, ಆದುದರಿಂದ ಊರಿಗೆ ಈ ಹೆಸರಾಯಿತು ಎಂಬಂತಹ ಕಥೆಗಳಿಲ್ಲದ ಊರು ನಮ್ಮ ನಾಡಿನಲ್ಲಿ ವಿರಳ.

ಇಂತಹ ಕಥೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಬೆಂಗಳೂರಿನದು. ಹೊಯ್ಸಳ ವೀರಬಲ್ಲಾಳನು ಕಾಡಿನಲ್ಲಿ ದಾರಿತಪ್ಪಿ ಹಸಿದು ಬಂದಾಗ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳೆಂದೂ, ಆ ಸ್ಥಳವೇ ಬೆಂದಕಾಳೂರು, ಮುಂದೆ ಬೆಂಗಳೂರು ಆಯಿತೆಂದೂ ಹೇಳುವುದುಂಟು. ಎರಡನೆಯ ವೀರಬಲ್ಲಾಳನು ಆಳಿದುದು 1173ರಿಂದ 1220ರವರೆಗೆ. ಆದರೆ ಬೆಂಗಳೂರಿನ ಸಮೀಪದ ಬೇಗೂರಿನಲ್ಲಿ ಗಂಗರ ಕಾಲದ, ಸುಮಾರು ಕ್ರಿ.ಶ. 890ರ ವೀರಗಲ್ಲೊಂದಿದೆ. ಅದರಲ್ಲಿ ಬೆಂಗಳೂರಿನ ಕಾಳಗದ ಉಲ್ಲೇಖವಿದೆ. ರಾಜನು ಪಟ್ಟಕ್ಕೆ ಬರುವುದಕ್ಕೆ ಸುಮಾರು ಇನ್ನೂರ ಎಂಬತ್ತು ವರ್ಷಗಳಷ್ಟು ಹಿಂದೆಯೇ ಊರಿಗೆ ಆ ಹೆಸರಿತ್ತು. ಕಥೆ ಸೊಗಸಾಗಿದೆ, ಆದರೆ ಕಲ್ಲು ಅದನ್ನು ಒಪ್ಪುವುದಿಲ್ಲ.

ಅದೇ ಬೇಗೂರಿನ ಮತ್ತೊಂದು ವೀರಗಲ್ಲು ಇನ್ನೂ ಹೆಚ್ಚಿನ ಸಂಗತಿಯನ್ನು ತಿಳಿಸುತ್ತದೆ. ಗಂಗ ದೊರೆ ಎರೆಯಪ್ಪನ ಪರವಾಗಿ ಹೋರಾಡಿ ನಾಗತ್ತರನೆಂಬ ವೀರನು ಮಡಿದನು. ಅನಂತರ ಇರುಗನೆಂಬಾತನಿಗೆ ನಾಗತ್ತರನೆಂಬ ಪದವಿಯನ್ನೂ ಬೆಂಪೂರು ಹನ್ನೆರಡು ಎಂಬ ಊರುಗಳ ಗುಂಪನ್ನೂ ದೊರೆ ಕೊಟ್ಟನು. ಆ ಊರುಗಳ ಹೆಸರುಗಳನ್ನು ಕಲ್ಲಿನ ಮೇಲೆ ಒಂದೊಂದಾಗಿ ಕೊರೆಯಲಾಗಿದೆ. ಬೆಂಪೂರು ಎಂಬುದೇ ಇಂದಿನ ಬೇಗೂರು. ಕಲ್ಲುಕುಟಿಗನಿಗೆ ಇಷ್ಟು ಶ್ರಮವೇಕೆ? ಕೊಟ್ಟದ್ದು ಯಾವುದು, ಕೊಡದೆ ಉಳಿದದ್ದು ಯಾವುದು ಎಂಬ ವಿಷಯದಲ್ಲಿ ಮುಂದೆ ಜಗಳವಾಗಬಾರದು. ಊರಿನ ಹೆಸರು ತಪ್ಪಿದರೆ ಊರೇ ಕೈತಪ್ಪಿದಂತೆ.

ಈ ಕಾರಣದಿಂದಲೇ ಊರಿನ ಹೆಸರುಗಳ ವಿಷಯದಲ್ಲಿ ದಾನಶಾಸನಗಳನ್ನೂ ತೆರಿಗೆಯ ಬರಹಗಳನ್ನೂ ವಿದ್ವಾಂಸರು ವಿಶೇಷವಾಗಿ ನಂಬುತ್ತಾರೆ. ಹಿಂದಿನ ಕಾಲದಲ್ಲಿ ಅರಸನಾಗಲಿ ಅಧಿಕಾರಿಯಾಗಲಿ ದೇವಾಲಯಕ್ಕೆ, ಬಸದಿಗೆ, ಮಠಕ್ಕೆ ಭೂಮಿಯನ್ನು ದತ್ತಿಯಾಗಿ ಬಿಡುತ್ತಿದ್ದರು. ಅನೇಕ ವೇಳೆ ಭೂಮಿಯ ಬದಲು ತೆರಿಗೆಯ ವರಮಾನವನ್ನು ಬಿಟ್ಟುಕೊಡುತ್ತಿದ್ದರು. ಸಿದ್ಧಾಯ, ಮನೆವಣ, ಗಾಣದೆರೆ, ಹೆಜ್ಜುಂಕ ಮೊದಲಾದ ಹೆಸರಿನ ತೆರಿಗೆಗಳು ಆಗ ಬಳಕೆಯಲ್ಲಿದ್ದವು. ಇಂತಿಷ್ಟು ಗದ್ಯಾಣ, ಇಂತಿಷ್ಟು ಪಣ, ಇಂತಿಷ್ಟು ಮತ್ತರು ಕೆಯ್ ಎಂದು ಲೆಕ್ಕವನ್ನು ಸ್ಪಷ್ಟವಾಗಿ ಬರೆಯುತ್ತಿದ್ದರು. ಅದರ ಬಳಿಕ ಎಲ್ಲೆಯ ವಿವರ ಬರುತ್ತಿತ್ತು: ಮೂಡಲು ಹುತ್ತ, ತೆಂಕಲು ಹಳ್ಳ, ಪಡುವಲು ನೆಟ್ಟ ಕಲ್ಲು, ಬಡಗಲು ಇಂಥ ಊರಿನ ದಾರಿ. ಕೊನೆಯಲ್ಲಿ, ಈ ಧರ್ಮವನ್ನು ಕೆಡಿಸಿದವನಿಗೆ ತಗಲುವ ಪಾಪದ ಎಚ್ಚರಿಕೆ. ಶಾಸನವನ್ನು ಬರೆದ ಸೇನಬೋವನಿಗೆ ಊರಿನ ಹೆಸರನ್ನು ಚೆಂದಗೊಳಿಸುವ ಆಸೆ ಇರಲಿಲ್ಲ. ನೆರೆಯವನು ಕೇಳಿದರೆ ಗುರುತಿಸುವಂತೆ ಅದನ್ನು ಬರೆದರೆ ಸಾಕಾಗಿತ್ತು. ಶಾನುಭೋಗ ಎಂಬ ಇತ್ತೀಚಿನ ಪದವು ಈ ಸೇನಬೋವ ಎಂಬುದರಿಂದಲೇ ಬಂದುದು. ಹೆಸರಿನ ರೂಪ ಬದಲಾದರೂ ಕೆಲಸ ಬಹುಮಟ್ಟಿಗೆ ಅದೇ ಆಗಿ ಉಳಿಯಿತು.

ಕವಿಯ ರೀತಿ ಬೇರೆ. ಅವನು ಊರಿನ ಹೆಸರನ್ನು ಸಂಸ್ಕೃತಕ್ಕೆ ತಿರುಗಿಸಿ ಅಲಂಕರಿಸಬಲ್ಲನು. ಬೆಳ್ ಎಂದರೆ ಬಿಳಿ, ಕೊಳ ಎಂದರೆ ಸರೋವರ; ಬೆಳ್ಗೊಳವು ಅವನ ಕೈಯಲ್ಲಿ ಧವಳಸರಸವಾಗುತ್ತದೆ. ಕಿಸು ಎಂದರೆ ಕೆಂಪು, ಪೊಳಲ್ ಎಂದರೆ ಪಟ್ಟಣ. ಇಂದಿನ ಪಟ್ಟದಕಲ್ಲಿನ ಹಳೆಯ ಹೆಸರಾದ ಕಿಸುವೊಳಲು ರಕ್ತಪುರವೆನಿಸುತ್ತದೆ. ತಾಮ್ರಶಾಸನಗಳಲ್ಲಿ ಈ ಎರಡು ರೀತಿಗಳೂ ಒಂದೇ ತಗಡಿನ ಮೇಲೆ ಕಾಣಸಿಗುತ್ತವೆ. ಅರಸನ ವಂಶದ ಹೊಗಳಿಕೆ ಸಂಸ್ಕೃತದಲ್ಲಿ ಸಾಗುತ್ತದೆ; ಗದ್ದೆಯ ಎಲ್ಲೆಯನ್ನು ಹೇಳುವ ಹೊತ್ತು ಬಂದಾಗ ಬರಹವು ಅನೇಕ ಶಾಸನಗಳಲ್ಲಿ ಕನ್ನಡಕ್ಕೆ ಇಳಿಯುತ್ತದೆ. ಹೊಗಳಿಕೆ ಪಂಡಿತರಿಗೆ, ಎಲ್ಲೆ ಒಕ್ಕಲಿಗೆ. ಭೂಮಿಯ ಆಸೆಯಿಂದ ಸುಳ್ಳು ತಾಮ್ರಶಾಸನಗಳನ್ನು ಸೃಷ್ಟಿಸಿದವರೂ ಉಂಟು. ಗಂಗರ ಹೆಸರಿನಲ್ಲಿರುವ ಹಲವು ತಗಡುಗಳು ಕೂಟಶಾಸನಗಳೆಂದು ವಿದ್ವಾಂಸರು ತೋರಿಸಿದ್ದಾರೆ. ಆದರೆ ಅರಸನನ್ನೂ ಕಾಲವನ್ನೂ ಕಲ್ಪಿಸಿದ ಕಪಟಿಗೂ ಊರಿನ ಹೆಸರನ್ನು ಕಲ್ಪಿಸುವುದು ಲಾಭದ ಮಾತಾಗಿರಲಿಲ್ಲ. ಇಲ್ಲದ ಊರನ್ನು ಕಬಳಿಸುವುದು ಸಾಧ್ಯವೆ?

ಇದೇ ಸಂಗತಿಯನ್ನು ದೂರದ ಜರ್ಮನಿಯಲ್ಲಿಯೂ ಕಾಣಬಹುದು. ಮಧ್ಯಯುಗದ ಯುರೋಪಿನಲ್ಲಿ ರೈತನು ತನ್ನ ಬೆಳೆಯ ಹತ್ತನೆಯ ಒಂದು ಪಾಲನ್ನು ಕ್ರೈಸ್ತ ದೇವಾಲಯಕ್ಕೆ ಸಲ್ಲಿಸಬೇಕಾಗಿತ್ತು. ಇದಕ್ಕೆ ದಶಮಾಂಶವೆಂದು ಹೆಸರು. ಕೆಲವೊಮ್ಮೆ ಪೋಪರು ಪಾದ್ರಿಗಳ ವರಮಾನದಿಂದಲೂ ಹತ್ತನೆಯ ಒಂದು ಪಾಲನ್ನು ಕೇಳುತ್ತಿದ್ದರು. 1274ರಲ್ಲಿ ಲಿಯೋನ್ ನಗರದಲ್ಲಿ ನಡೆದ ಧರ್ಮಸಭೆಯು ಧರ್ಮಯುದ್ಧದ ವೆಚ್ಚಕ್ಕಾಗಿ ಆರು ವರ್ಷಗಳ ಇಂತಹ ತೆರಿಗೆಯನ್ನು ವಿಧಿಸಿತು. ಮರುವರ್ಷ, 1275ರಲ್ಲಿ, ದಕ್ಷಿಣ ಜರ್ಮನಿಯ ಕೊನ್‌ಸ್ಟಾನ್ಸ್ ಬಿಷಪರ ಅಧೀನದ ದೇವಾಲಯಗಳ ಒಂದು ಪಟ್ಟಿ ಸಿದ್ಧವಾಯಿತು. ಬರೆದವರ ಉದ್ದೇಶ ಹಣದ ಲೆಕ್ಕ ಮಾತ್ರ. ಆದರೆ ಇಂದು ಅದು ಆ ಸೀಮೆಯ ಊರುಗಳ ಹೆಸರಿನ ಒಂದು ಭಂಡಾರ. ಲೋರ್ಶ್ ಎಂಬ ಮಠದ ಸನ್ಯಾಸಿಗಳು ತಮ್ಮ ಮಠಕ್ಕೆ ಬಂದ ಸುಮಾರು 3,800 ದಾನಪತ್ರಗಳನ್ನು ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಒಂದು ಗ್ರಂಥವಾಗಿ ನಕಲು ಮಾಡಿದರು. ಮಾನ್‌ಹೈಮ್ ನಗರದ ಹೆಸರು ಮೊದಲು ಕಾಣಿಸುವುದು ಅಲ್ಲಿಯ 766ರ ದಾನಪತ್ರದಲ್ಲಿ. ಈ ಬರಹಗಳ ಭಾಷೆ ಲ್ಯಾಟಿನ್; ಆದರೆ ಊರುಗಳ ಹೆಸರುಗಳು ಮಾತ್ರ ಜನರ ಜರ್ಮನ್ ನುಡಿಯಲ್ಲಿವೆ. ನಮ್ಮ ತಾಮ್ರಶಾಸನದ ಸೇನಬೋವನನ್ನೂ ಲೋರ್ಶಿನ ಸನ್ಯಾಸಿಯನ್ನೂ ಎದುರುಬದುರು ಕೂರಿಸಿದ್ದರೆ ಇಬ್ಬರಿಗೂ ಪರಸ್ಪರರ ಕಷ್ಟ ತಿಳಿಯುತ್ತಿತ್ತು.

ಹಳೆಯ ರೂಪ ದೊರೆತಾಗ ಜರ್ಮನಿಯ ಹೆಸರುಗಳೂ ಬಾಯಿಬಿಟ್ಟು ಮಾತನಾಡುತ್ತವೆ. ಫ್ರಾಂಕ್‌ಫರ್ಟ್ ಎಂದರೆ ಫ್ರಾಂಕ್ ಜನರು ಹೊಳೆ ದಾಟುವ ಕಡವು. ಮ್ಯೂನಿಕ್ ಎಂಬುದು ಸನ್ಯಾಸಿಗಳಿದ್ದ ಸ್ಥಳ. 1158ರ ಬರಹವೊಂದರಲ್ಲಿ ಅದು ಮುನಿಖೆನ್ ಎಂದಿದೆ. ಬರಹದಲ್ಲಿ ಮೊದಲು ಕಂಡ ವರ್ಷವನ್ನೇ ಅಲ್ಲಿನ ಊರುಗಳವರು ಊರಿನ ಹುಟ್ಟುಹಬ್ಬವಾಗಿ ಆಚರಿಸುವುದುಂಟು. ಇದು ಸಂತೋಷದ ಪದ್ಧತಿಯೇ ಆದರೂ ಶಾಸ್ತ್ರಕ್ಕೆ ಸಮ್ಮತವಲ್ಲ. ತೆರಿಗೆಯವನು ಬರುವುದಕ್ಕೆ ಮೊದಲೇ ಊರು ಇದ್ದಿರಬೇಕಷ್ಟೆ.

ಅಂಕೋಲೆಯ ಕರಾವಳಿಯ ಹೆಸರುಗಳನ್ನು ಈ ದೃಷ್ಟಿಯಿಂದ ನೋಡಬಹುದು. ಅಲ್ಲಿ ಪದೇ ಪದೇ ಕೇಳಿಬರುವ ಉತ್ತರಪದ ಕೇರಿ. ಜನರು ಒಟ್ಟಾಗಿ ವಾಸಿಸುವ ಮನೆಗಳ ಸಾಲು ಕೇರಿ. ಅಲಗೇರಿ, ಶೆಟಗೇರಿ, ಸಗಡಗೇರಿ ಎಂಬಲ್ಲಿ ಕಕಾರವು ಗಕಾರವಾಗಿದೆ. ಮಳೆಗಾಲ ಎಂಬ ಪದದಲ್ಲಿ ಆಗುವಂತೆ ಇದು ಆದೇಶಸಂಧಿ. ಭಾವಿಕೇರಿ, ಬೇಲೆಕೇರಿ, ಹಟ್ಟಿಕೇರಿಗಳಲ್ಲಿ ಕಕಾರವು ಹಾಗೆಯೇ ನಿಂತಿದೆ. ತೆಂಕಣ ಎಂದರೆ ದಕ್ಷಿಣದ. ಶಾಸನದ ಎಲ್ಲೆಗಳಲ್ಲಿ ಕಂಡ ತೆಂಕಲು ಎಂಬ ದಿಕ್ಕು ತೆಂಕಣಕೇರಿಯಲ್ಲಿ ಇಂದಿಗೂ ಜೀವಂತವಾಗಿದೆ. ಬೇಲೆ ಎಂಬುದು ಅಲ್ಲಿನ ಆಡುನುಡಿಯಲ್ಲಿ ಕಡಲ ದಂಡೆಯ ಮರಳು. ಬೇಲೆಕೇರಿಯು ಕಡಲತೀರದ ಬಂದರು. ಇಲ್ಲಿ ಹೆಸರು ಮತ್ತು ನೆಲ ಒಂದನ್ನೊಂದು ಸಮರ್ಥಿಸುತ್ತವೆ.

ಭಾವಿಕೇರಿಯ ವಿಷಯದಲ್ಲಿ ಇನ್ನೂ ಸೂಕ್ಷ್ಮವಾಗಿ ನಡೆಯಬೇಕು. ಸಂಸ್ಕೃತದಲ್ಲಿ ಭಾವಿ ಎಂದರೆ ಮುಂದೆ ಆಗುವಂಥದು. ಆ ಅರ್ಥವನ್ನು ಹಿಡಿದು ಹೊರಟವನು ಮತ್ತೊಂದು ಕಟ್ಟುಕಥೆಗೆ ತಲುಪುತ್ತಾನೆ. ನೀರು ಸೇದುವ ಬಾವಿಯು ಸಂಸ್ಕೃತದ ವಾಪಿ ಎಂಬುದರಿಂದ ಬಂದುದು. ಅದನ್ನು ಉತ್ತರದ ಜಿಲ್ಲೆಗಳಲ್ಲಿ ಮಹಾಪ್ರಾಣದಿಂದ ಭಾವಿ ಎಂದು ಬರೆಯುವ ರೂಢಿಯುಂಟು. ಆದುದರಿಂದ ಬಾವಿಯಿರುವ ಕೇರಿ ಎಂಬ ಅರ್ಥ ಮೊದಲು ಹೊಳೆಯುತ್ತದೆ. ಆದರೆ ಎರಡನೆಯ ಪದವೂ ಪರೀಕ್ಷೆಗೆ ಒಳಗಾಗಬೇಕು. ಧಾರವಾಡ ಜಿಲ್ಲೆಯ ಅಣ್ಣಿಗೇರಿಯು ಶಾಸನಗಳಲ್ಲಿ ಅಣ್ಣಿಗೆರೆಯಾಗಿದೆ. ಇಂದು ಕೇರಿಯಂತೆ ಕೇಳುವುದು ಹಿಂದೆ ಕೆರೆಯಾಗಿತ್ತು. ಹಳಗನ್ನಡದಲ್ಲಿ ನೀರಿನ ಕೆರೆಯನ್ನು ಶಕಟರೇಫದಿಂದ ಕೆಱೆ ಎಂದೂ, ಜನವಸತಿಯ ಕೇರಿಯನ್ನು ಸಾಮಾನ್ಯ ರೇಫದಿಂದಲೂ ಬರೆಯುತ್ತಿದ್ದರು. ಇಂದು ಬಳಕೆ ತಪ್ಪಿಹೋದ ಒಂದು ಅಕ್ಷರವು ಊರೊಂದರ ಹುಟ್ಟನ್ನು ನಿರ್ಣಯಿಸಬಲ್ಲದು. ಕಿವಿಯಿಂದ ಮಾಡಿದ ಊಹೆಯನ್ನು ಹಳೆಯ ಬರಹದ ಮುಂದೆ ಒರೆಹಚ್ಚುವವರೆಗೆ ಅದು ಊಹೆ ಮಾತ್ರ.

ಹಳೆಯ ಮೈಸೂರು ಸೀಮೆಗೆ ಈ ಕೆಲಸದಲ್ಲಿ ದೊಡ್ಡ ಅನುಕೂಲವಿತ್ತು. ಬಿ.ಎಲ್. ರೈಸ್ ಅವರು 1886ರಿಂದ 1905ರವರೆಗೆ ಎಪಿಗ್ರಾಫಿಯ ಕರ್ನಾಟಿಕ ಎಂಬ ಹೆಸರಿನಲ್ಲಿ ಹನ್ನೆರಡು ಸಂಪುಟಗಳ ಶಾಸನಗಳನ್ನು ಪ್ರಕಟಿಸಿದರು. ಅಂಕೋಲೆ ಇದ್ದ ಜಿಲ್ಲೆಯು 1862ರಿಂದ 1956ರವರೆಗೆ ಮುಂಬಯಿಯ ಆಡಳಿತದಲ್ಲಿದ್ದುದರಿಂದ ಆ ಸಂಪುಟಗಳ ವ್ಯಾಪ್ತಿಗೆ ಸೇರಲಿಲ್ಲ. ಅದರ ಶಾಸನಗಳನ್ನು ಬೇರೆಡೆ ಹುಡುಕಬೇಕು. ಆದರೆ ಕಲ್ಲಿನ ಬರಹ ನಿಂತಲ್ಲಿ ಬಟ್ಟೆಯ ಬರಹ ಆರಂಭವಾಗುತ್ತದೆ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಾಡಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಇದಕ್ಕೆ ಕಡತವೆಂದು ಹೆಸರು. ಕಛೇರಿಯ ಕಾಗದಗಳ ಕಟ್ಟಿಗೆ ಇಂದಿಗೂ ಕಡತವೆಂದೇ ಹೇಳುತ್ತಾರೆ; ಕಪ್ಪುಬಟ್ಟೆ ಮಾತ್ರ ಮಾಯವಾಗಿದೆ. 1799ರಲ್ಲಿ ಕೆನರಾ ಜಿಲ್ಲೆಯ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ, ಕಂದಾಯವನ್ನು ನಿಗದಿಮಾಡುವಾಗ ಹಿಂದಿನ ಅರಸರ ಕಾಲದ ಇಂತಹ ಕಪ್ಪು ಪುಸ್ತಕಗಳ ಲೆಕ್ಕವನ್ನು ಪರಿಶೀಲಿಸಿದನು. 1801ರಲ್ಲಿ ಈ ದಾರಿಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನೂ ಊರುಗಳನ್ನೂ ಬೆಳೆಗಳನ್ನೂ ವಿವರವಾಗಿ ದಾಖಲಿಸಿದನು. ಪರದೇಶದವನ ಕಿವಿಗೆ ಬಿದ್ದ ಹೆಸರು ವಿಕಾರವಾಗಿದ್ದರೂ ಆ ಕಾಲದ ಉಚ್ಚಾರಣೆಯ ಸುಳಿವನ್ನು ಉಳಿಸಿಕೊಂಡಿರುತ್ತದೆ.

ತೆರಿಗೆಯ ಪುಸ್ತಕಕ್ಕೂ ಅಂಕೋಲೆಗೂ ಇನ್ನೊಂದು ಕಹಿಯಾದ ನಂಟಿದೆ. 1930ರ ಉಪ್ಪಿನ ಸತ್ಯಾಗ್ರಹದ ಅನಂತರ ಅಂಕೋಲಾ ಮತ್ತು ಸಿದ್ದಾಪುರ ತಾಲ್ಲೂಕುಗಳ ರೈತರು ಭೂಕಂದಾಯವನ್ನು ಕೊಡುವುದಿಲ್ಲವೆಂದು ನಿಂತರು. ಸರ್ಕಾರವು ಅವರ ಜಮೀನುಗಳನ್ನು ಜಪ್ತಿ ಮಾಡಿತು. ಗದ್ದೆಯನ್ನು ಉಳುವವನಿಗೆ ಭದ್ರಪಡಿಸುವ ಪುಸ್ತಕವೇ ಅದನ್ನು ಕಸಿದುಕೊಳ್ಳುವ ಪುಸ್ತಕವೂ ಆಗಬಲ್ಲದು.

ಊರಿನ ಹೆಸರಿಗಿಂತಲೂ ಬೇಗ ಮರೆತುಹೋಗುವುದು ಗದ್ದೆಯ ಹೆಸರು. ಒಂದೊಂದು ಗದ್ದೆಗೂ, ಹಳ್ಳಕ್ಕೂ, ದಿಣ್ಣೆಗೂ ಹಳ್ಳಿಗರು ಹೆಸರಿಟ್ಟಿರುತ್ತಾರೆ. ಬಾವಿ ಎಲ್ಲಿತ್ತು, ಕೆರೆ ಎಲ್ಲಿ ಹೂತುಹೋಯಿತು ಎಂಬುದನ್ನು ಅಂತಹ ಹೆಸರುಗಳೇ ತಿಳಿಸಬಲ್ಲವು. ಮಹಾರಾಷ್ಟ್ರದ ಜಮೀನಿನ ಉತಾರದಲ್ಲಿ ಹೊಲದ ಸ್ಥಳೀಯ ಹೆಸರನ್ನು ಬರೆಯಲು ಒಂದು ಅಂಕಣವಿದೆ. ಕರ್ನಾಟಕದ ಪಹಣಿಯಲ್ಲಿ ಸರ್ವೆ ಸಂಖ್ಯೆ, ಹಿಸ್ಸಾ, ವಿಸ್ತೀರ್ಣ, ಆಕಾರ, ಮಣ್ಣಿನ ನಮೂನೆ, ಒಡೆಯನ ಹೆಸರು ಇವೆ. ಗದ್ದೆಯ ಹೆಸರಿಗೆ ಸ್ಥಳವಿಲ್ಲ.

ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಹಲವು ಗ್ರಾಮಗಳ ಜನರು ನೌಕಾನೆಲೆಗಾಗಿ ತಮ್ಮ ಭೂಮಿಯನ್ನು ಬಿಟ್ಟು ಬೇರೆಡೆ ನೆಲೆಸಬೇಕಾಯಿತು. 2005ರಲ್ಲಿ ಕಾರ್ಯಾರಂಭಮಾಡಿದ ಆ ನೆಲೆಗೆ ಇಟ್ಟ ಹೆಸರು ಕದಂಬ. ಬನವಾಸಿಯ ಆ ಅರಸರ ಚರಿತ್ರೆಯು ಬಹುಮಟ್ಟಿಗೆ ಶಾಸನಗಳಿಂದಲೇ ತಿಳಿದುಬಂದುದು. ಇತ್ತೀಚಿನ ವರ್ಷಗಳಲ್ಲಿ ನಾಗರಿಕ ವಿಮಾನ ನಿಲ್ದಾಣಕ್ಕಾಗಿ ಅಲಗೇರಿ, ಬೇಲೆಕೇರಿ, ಭಾವಿಕೇರಿ ಗ್ರಾಮಗಳ ಜಮೀನುಗಳನ್ನು ಗುರುತಿಸಲಾಗಿದೆ. ಅದರ ಕಾಗದಪತ್ರಗಳಲ್ಲಿ ಮೂರು ಕೇರಿಗಳ ಹೆಸರುಗಳೂ ಸರ್ವೆ ಸಂಖ್ಯೆಗಳೂ ಉಳಿಯುತ್ತವೆ. ಗದ್ದೆಗಳ ಹೆಸರುಗಳು ಇನ್ನೂ ಇರುವುದು ಆ ಊರುಗಳ ಹಿರಿಯರ ಬಾಯಲ್ಲಿ.