ಹಾವಸೆಯ ಕುಲದಿಂದ ರಾಸುಗಳ ರೋಗಾಣು ಹುಟ್ಟಿದ ಬಗೆ

ಕಳೆದ ಮುಂಗಾರಿನಲ್ಲಿ ಸರ್ಕೀಟಿನ ಮೇಲೆ ಹೋಗಿದ್ದಾಗ ಹಿಡುವಳಿದಾರರೊಬ್ಬರು ತಮ್ಮ ಬರಿದಾದ ಕೊಟ್ಟಿಗೆಯನ್ನು ತೋರಿಸಿದರು. ದಿನಕ್ಕೆ 14 ಲೀಟರು ಹಾಲು ಕೊಡುತ್ತಿದ್ದ ಮಿಶ್ರತಳಿಯ ಹಸು ಜ್ವರ ಬಂದು, ಹೆಗಲ ಮುಂದಣ ಗಂಟು ಊದಿಕೊಂಡು, ಎಂಟು ದಿನಗಳೊಳಗೆ ಸತ್ತಿತ್ತು. ಪಶುವೈದ್ಯರು ರಕ್ತವನ್ನು ಪರೀಕ್ಷಿಸಿ ಥೈಲೇರಿಯಾ ಎಂಬ ಏಕಕೋಶ ಜೀವಿಯೇ ಕಾರಣವೆಂದು ತಿಳಿಸಿದ್ದರು. ಯಜಮಾನರು ನನ್ನನ್ನು ಕೇಳಿದರು: "ಸ್ವಾಮೀ, ದನದ ಮೈಯಲ್ಲಲ್ಲದೆ ಬೇರೆಲ್ಲೂ ಇದು ಬೆಳೆಯುವುದಿಲ್ಲವೆನ್ನುತ್ತೀರಿ. ಹಾಗಾದರೆ ಭೂಮಿಯ ಮೇಲೆ ದನವೇ ಇಲ್ಲದಿದ್ದಾಗ ಇದು ಏನನ್ನು ತಿಂದು ಬದುಕಿತ್ತು?"

ಪ್ರಶ್ನೆ ಸಣ್ಣದಲ್ಲ. ಅಂದು ಅವಸರದಲ್ಲಿ ಸರಿಯಾದ ಉತ್ತರ ಕೊಡಲಾಗದೆ ಹೋದುದರಿಂದ ಈ ಲೇಖನವನ್ನು ಬರೆಯಬೇಕಾಯಿತು.

ಕಣ್ಣಿಗೆ ಕಾಣುವ ಉದಾಹರಣೆಯಿಂದಲೇ ಪ್ರಾರಂಭಿಸುವುದು ಒಳ್ಳೆಯದು. ಮಾವಿನ ಮರದ ಮೇಲಿನ ಬಂದಳಿಕೆಯನ್ನು ಎಲ್ಲರೂ ಬಲ್ಲರು. ಅದು ಮರದಿಂದ ನೀರನ್ನೂ ಲವಣವನ್ನೂ ಕದಿಯುತ್ತದೆಯಾದರೂ, ತನ್ನ ಹಸಿರೆಲೆಗಳನ್ನು ಬಿಟ್ಟಿಲ್ಲ; ಬಿಸಿಲಿನಲ್ಲಿ ಆಹಾರವನ್ನು ತಾನೇ ಮಾಡಿಕೊಳ್ಳುತ್ತದೆ. ಬೇಲಿಯ ಮೇಲೆ ಹಬ್ಬುವ ಹಳದಿಯ ಆಕಾಶಬಳ್ಳಿಯಾದರೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದಕ್ಕೆ ಎಲೆಯೂ ಇಲ್ಲ, ನೆಲದಲ್ಲಿ ಬೇರೂ ಇಲ್ಲ. ಎರಡರ ಪೂರ್ವಿಕರೂ ನೆಲದಲ್ಲಿ ಬೇರೂರಿ ಸ್ವತಂತ್ರವಾಗಿ ಬೆಳೆದ ಗಿಡಗಳೇ. ಅನ್ಯರ ಆಸ್ತಿಯಲ್ಲಿ ಊಟ ನಡೆಯುತ್ತಿರುವಾಗ ಸ್ವಂತ ಒಲೆ ಆರಿದರೂ ಬಾಧಕವಿಲ್ಲವಷ್ಟೆ. ಸೂಕ್ಷ್ಮಜೀವಿಗಳ ಪ್ರಪಂಚದಲ್ಲಿಯೂ ಇದೇ ರೀತಿ ನಡೆದಿದೆ.

ಅಲ್ಲಿ ಬಂದಳಿಕೆಯಂತೆ ನಡುದಾರಿಯಲ್ಲಿ ನಿಂತಿರುವುದು ಪ್ರೊಟೊಥೀಕಾ. ಇದು ಕೆರೆಯ ನೀರಿನ ಹಸಿರು ಹಾವಸೆಗೆ ಹತ್ತಿರದ ದಾಯಾದಿ. ಇದರ ಹಿರಿಯರು ಪತ್ರಹರಿತ್ತನ್ನು ಕಳೆದುಕೊಂಡುದರಿಂದ ಬಣ್ಣವಿಲ್ಲದ ಜೀವಿಯಾಗಿದೆ. ಆದರೆ ಪತ್ರಹರಿತ್ತು ಇರಬೇಕಾಗಿದ್ದ ಚೀಲ ಮಾತ್ರ ಒಳಗೆ ಇನ್ನೂ ಉಳಿದಿದೆ. 1894ರಲ್ಲಿ ಕ್ರೂಗರ್ ಎಂಬ ಜರ್ಮನ್ ಪಂಡಿತನು ಇದನ್ನು ಮೊದಲು ವರ್ಣಿಸಿದನು. ಕೆಸರು, ಸಗಣಿ, ನಿಂತ ನೀರು ಇವುಗಳಲ್ಲಿ ಕೊಳೆತ ಪದಾರ್ಥವನ್ನು ತಿಂದುಕೊಂಡು ಇದು ಸ್ವತಂತ್ರವಾಗಿ ಇರಬಲ್ಲದು. ಹಸು ಅಂತಹ ನೆಲದಲ್ಲಿ ಮಲಗಿದಾಗ ಮೊಲೆಯ ತೂತಿನಿಂದ ಒಳಹೊಕ್ಕರೆ ಕೆಚ್ಚಲಿನಲ್ಲಿಯೇ ಬೀಡುಬಿಡುತ್ತದೆ. ಇದರಿಂದ ಕೆಚ್ಚಲುಬಾವು ಉಂಟಾಗುವುದೆಂಬ ಸಂಗತಿ 1952ರಲ್ಲಿ ಜರ್ಮನಿಯಲ್ಲಿ ಪ್ರಕಟವಾಯಿತು. ಹಾಲು ನೀರಾಗಿ, ಒಡಕಲಾಗಿ, ದಿನೇ ದಿನೇ ಇಳಿಯುತ್ತದೆ. ಜ್ವರ ಮಾತ್ರ ಅಷ್ಟಾಗಿ ತೋರುವುದಿಲ್ಲ. ಬ್ಯಾಕ್ಟೀರಿಯಗಳನ್ನು ಕೊಲ್ಲುವ ಔಷಧಿಗಳು ಹಾವಸೆಯ ಕುಲದ ಈ ಜೀವಿಯನ್ನು ತಟ್ಟುವುದಿಲ್ಲ. ಸೂಜಿಯ ಮೇಲೆ ಸೂಜಿ ಹಾಕಿಸಿ ಹಣ ಕಳೆದುಕೊಂಡ ಮೇಲೆ ಔಷಧಿಯೇ ಕಲಬೆರಕೆಯೆಂದು ದೂರುವ ಯಜಮಾನರನ್ನು ನಾನು ಕಂಡಿದ್ದೇನೆ. ಹಾಲನ್ನು ಮೊದಲೇ ಪ್ರಯೋಗಶಾಲೆಗೆ ಕಳುಹಿಸಿದ್ದರೆ ಆ ಖರ್ಚು ಉಳಿಯುತ್ತಿತ್ತು. ರೋಗ ಇದೇ ಎಂದು ಖಚಿತವಾದರೆ ಆ ಹಸುವನ್ನು ಕರೆಯುವ ಹಿಂಡಿನಿಂದ ಬೇರ್ಪಡಿಸತಕ್ಕದ್ದು.

ಇನ್ನು ಥೈಲೇರಿಯಾದ ಮಾತು. ಮನುಷ್ಯರ ಮಲೇರಿಯಾ ರೋಗಾಣು, ಕೋಳಿಮರಿಗಳಿಗೆ ರಕ್ತಭೇದಿ ತರುವ ಐಮೀರಿಯಾ, ರಾಸುಗಳಿಗೆ ಕೆಂಪು ಮೂತ್ರ ತರುವ ಬೆಬೀಸಿಯಾ ಇವೆಲ್ಲವೂ ಇದೇ ಮನೆತನದವು. ಈ ಮನೆತನದ ರೋಗಾಣುಗಳೊಳಗೆ ಇರುವ ಒಂದು ಪುಟ್ಟ ಚೀಲವು ಬಹುಕಾಲ ವಿದ್ವಾಂಸರಿಗೆ ಒಗಟಾಗಿದ್ದಿತು. ಅದು ಗಿಡಗಳ ಹಸಿರು ಕಣದ ಅವಶೇಷವೇ ಎಂಬುದು 1996ರಲ್ಲಿ ಸ್ಪಷ್ಟವಾಯಿತು. ಅದಕ್ಕೆ ಏಪಿಕೊಪ್ಲಾಸ್ಟ್ ಎಂದು ಹೆಸರು. ರಕ್ತದ ಕತ್ತಲೆಯಲ್ಲಿ ವಾಸಿಸುವ ಜೀವಿಗೆ ಬಿಸಿಲನ್ನು ಹಿಡಿಯುವ ಯಂತ್ರವೇಕೆ? ಇದರ ಪೂರ್ವಿಕರು ಎಂದೋ ಒಂದು ಕೆಂಪು ಹಾವಸೆಯನ್ನು ನುಂಗಿ, ಜೀರ್ಣಿಸಿಕೊಳ್ಳದೆ, ಅದರಿಂದ ಅಡಿಗೆ ಮಾಡಿಸಿಕೊಂಡು ಬದುಕಿದ್ದವು. ಅಡಿಗೆ ನಿಂತರೂ ಆ ಚೀಲವು ಜೀವಕ್ಕೆ ಅತ್ಯವಶ್ಯಕವಾದ ಕೆಲವು ದ್ರವ್ಯಗಳನ್ನು ಇಂದಿಗೂ ತಯಾರಿಸುತ್ತಿರುವುದರಿಂದ ರೋಗಾಣುವು ಅದನ್ನು ಬಿಸಾಡಲಾರದು.

ಆ ಪೂರ್ವಿಕರನ್ನು ಹೋಲುವ ಜೀವಿಯೊಂದು ಆಸ್ಟ್ರೇಲಿಯಾದ ಸಿಡ್ನಿ ಬಂದರಿನ ಹವಳದಿಂದ ದೊರೆತು, 2008ರಲ್ಲಿ ಕ್ರೋಮೀರಾ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಇದು ಥೈಲೇರಿಯಾದ ಹತ್ತಿರದ ನಂಟನಾಗಿಯೂ ಬಿಸಿಲಿನಲ್ಲಿಯೇ ಆಹಾರ ಮಾಡಿಕೊಳ್ಳುತ್ತದೆ. ಇದರ ಮತ್ತೊಬ್ಬ ದಾಯಾದಿಯಾದ ಕಾಲ್ಪೊಡೆಲ್ಲಾ ನೀರಿನಲ್ಲಿ ಈಜುತ್ತ, ಮುಂತುದಿಯ ಉಪಕರಣದಿಂದ ಬೇರೆ ಕಣಗಳನ್ನು ಚುಚ್ಚಿ ರಸವನ್ನು ಹೀರುತ್ತದೆ. ಮಲೇರಿಯಾದ ಅಣುವು ರಕ್ತಕಣವನ್ನು ಹೊಗುವುದು ಇಂತಹುದೇ ಉಪಕರಣದಿಂದ. ಎಂದರೆ ಕನ್ನದ ಕೋಲು ಕಳ್ಳತನಕ್ಕಿಂತ ಮುಂಚೆಯೇ ಮನೆಯಲ್ಲಿತ್ತು! 2015ರಲ್ಲಿ ಪ್ರಕಟವಾದ ಲೆಕ್ಕದಂತೆ ಕ್ರೋಮೀರಾದಲ್ಲಿ ಸುಮಾರು 26,000 ವಂಶವಾಹಿಗಳುಂಟು. ಥೈಲೇರಿಯಾದಲ್ಲಿ ಸುಮಾರು 4,000 ಮಾತ್ರ. ಪರಾವಲಂಬಿಯಾಗುವಾಗ ಹೊಸದಾಗಿ ಗಳಿಸಿದ್ದು ಸ್ವಲ್ಪ, ಕಳೆದುಕೊಂಡದ್ದು ಬಹಳ.

ಗಳಿಸಿದ ಆ ಸ್ವಲ್ಪವಾದರೂ ಭಯಂಕರವಾದುದು. ಥೈಲೇರಿಯಾವು ರಾಸಿನ ಬಿಳಿಯ ರಕ್ತಕಣವನ್ನು ಹೊಕ್ಕು, ಅದು ಅರ್ಬುದದ ಕಣದಂತೆ ಎಡೆಬಿಡದೆ ಇಬ್ಭಾಗವಾಗುವಂತೆ ಮಾಡಿ, ಅದರೊಡನೆ ತಾನೂ ಇಬ್ಭಾಗವಾಗುತ್ತದೆ. ಗಂಟು ಊದಿಕೊಳ್ಳುವುದು ಈ ಕಾರಣದಿಂದಲೇ. ಜ್ವರದ ಮೊದಲಲ್ಲಿಯೇ ಪಶುವೈದ್ಯರಿಂದ ಬುಪಾರ್ವಕ್ವೋನ್ ಕೊಡಿಸಿದರೆ ರಾಸು ಉಳಿಯುವ ಸಂಭವ ಹೆಚ್ಚು. ರಕ್ತ ಸೊರಗಿದ ಮೇಲೆ ಕಷ್ಟ. ನಾಟಿ ತಳಿಗಳು ಈ ರೋಗವನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತವೆ, ಮಿಶ್ರತಳಿಗಳು ತಾಳಲಾರವು.

ತನ್ನ ಕಾಲ ಮೇಲೆ ತಾನು ನಿಲ್ಲಲಾರದ ಈ ಜೀವಿಗೆ ಒಂದು ರಾಸಿನಿಂದ ಇನ್ನೊಂದಕ್ಕೆ ಹೋಗಲು ಉಣ್ಣೆಯೇ ವಾಹನ. ಉಣ್ಣೆಯು ಮರಿಯಾಗಿದ್ದಾಗ ರೋಗದ ರಕ್ತವನ್ನು ಕುಡಿದು, ಪೊರೆ ಕಳಚಿ, ಮುಂದಿನ ಅವಸ್ಥೆಯಲ್ಲಿ ಬೇರೆ ರಾಸನ್ನು ಕಚ್ಚಿದಾಗ ರೋಗ ಅಂಟುತ್ತದೆ. ಮೊಟ್ಟೆಯ ಮೂಲಕ ಮರಿಗಳಿಗೆ ಇಳಿಯುವುದಿಲ್ಲ. ಪೊರೆ ಕಳಚುವುದು ಗೋಡೆಯ ಬಿರುಕು, ನೆಲದ ಸಂದು, ಗೋದಲೆಯ ಅಡಿ ಇಂತಹ ಸ್ಥಳಗಳಲ್ಲಿ. ಆದಕಾರಣ ರಾಸಿನ ಮೈಗೆ ಔಷಧಿ ಹಚ್ಚಿ ಕೊಟ್ಟಿಗೆಯನ್ನು ಮರೆತರೆ ಅರ್ಧ ಕೆಲಸವಾದಂತೆ. ಬಿರುಕುಗಳನ್ನು ಗಾರೆಯಿಂದ ಮುಚ್ಚಿಸತಕ್ಕದ್ದು. 2 ತಿಂಗಳು ತುಂಬಿದ ಮಿಶ್ರತಳಿ ಕರುಗಳಿಗೆ ಲಸಿಕೆಯೂ ಉಂಟು. ತುಂಬು ಗಬ್ಬದ ರಾಸುಗಳಿಗೆ ಅದನ್ನು ಹಾಕಿಸಬಾರದು.

ಮೇಲೆ ಹೇಳಿದ ಯಜಮಾನರ ಮನೆಯಲ್ಲಿ ಉಳಿದ ಎರಡು ಕರುಗಳಿಗೆ ಲಸಿಕೆ ಹಾಕಿಸಿದ್ದಾಗಿದೆ. ಕೊಟ್ಟಿಗೆಯ ಬಡಗಣ ಗೋಡೆಗೆ ಗಾರೆ ಮೆತ್ತುವ ಕೆಲಸ ನಾನು ಮೊನ್ನೆ ನೋಡಿದಾಗ ಇನ್ನೂ ಬಾಕಿಯಿತ್ತು.